ಮಳೆ ಪಟ್ಟಿ ಓದಲು ಪೈಥಾನ್ ಎಕ್ಸ್‌ಟೆನ್ಷನ್: ಲಿಸ್ಟ್ ಫಂಕ್ಷನ್ನೋ, ಸೀಕ್ವೆನ್ಸ್ ಫಂಕ್ಷನ್ನೋ?

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟ್‌ಗಳಲ್ಲಿ. ಇಂಚಿಗೆ 100 ಸೆಂಟ್. ಮಡಿಕೇರಿ, ಸೋಮವಾರಪೇಟೆ ಕಡೆಯ ಇಂಥ ಪಟ್ಟಿಗಳನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುವ ಸಿ ಮಾಡ್ಯೂಲ್‌ನಲ್ಲಿ (ಪೈಥಾನ್‌ಗೆ ಜೋಡಿಸುವ ಎಕ್ಸ್‌ಟೆನ್ಷನ್) ಪಟ್ಟಿ ಓದುವ ಮೂರು ದಾರಿಗಳನ್ನು ಓಡಿಸಿ ನೋಡಿದೆವು: ಪೈಲಿಸ್ಟ್_ಗೆಟ್‌ಐಟಂ, ಪೈಸೀಕ್ವೆನ್ಸ್_ಗೆಟ್‌ಐಟಂ, ಪೈಸೀಕ್ವೆನ್ಸ್_ಫಾಸ್ಟ್.

ಪೈಲಿಸ್ಟ್_ಗೆಟ್‌ಐಟಂ ವೇಗದ್ದು, ಆದರೆ ಕೊಡುವುದು ಎರವಲು ರೆಫರೆನ್ಸ್, ಅಂದರೆ ವಸ್ತುವಿನ ಒಡೆತನ ಲಿಸ್ಟಿನಲ್ಲೇ ಉಳಿಯುತ್ತದೆ. ಅದಕ್ಕೆ ಪೈ_ಡೆಕ್‌ರೆಫ್ (ರೆಫರೆನ್ಸ್ ಎಣಿಕೆಯನ್ನು ಒಂದು ಇಳಿಸುವ ಕರೆ) ಹಾಕಿದರೆ ಲಿಸ್ಟಿನೊಳಗಿನ ವಸ್ತುವೇ ಸಾಯಬಹುದು, ಕ್ರ್ಯಾಶ್ ಮಾತ್ರ ಬೇರೆಲ್ಲೋ ಆಗುತ್ತದೆ. ಲಿಸ್ಟಿನ ಬದಲು ಟ್ಯೂಪಲ್ (ಬದಲಿಸಲಾಗದ ಪಟ್ಟಿ) ಕೊಟ್ಟರೆ ಟೈಪ್‌ಎರರ್ ಅಲ್ಲ, ಸಿಸ್ಟಮ್‌ಎರರ್. ಹಾಗಾಗಿ ಮೊದಲು ಪೈಲಿಸ್ಟ್_ಚೆಕ್ ಬೇಕು. ಅದೂ ಪೂರ್ತಿ ಕಾಯುವುದಿಲ್ಲ: ಲಿಸ್ಟಿನ ಸಬ್‌ಕ್ಲಾಸ್‌ಗಳನ್ನು ಒಳಗೆ ಬಿಡುತ್ತದೆ, ಆದರೆ ಅವು ಬರೆದುಕೊಂಡ __ಗೆಟ್‌ಐಟಂ__ ಅನ್ನು ಯಾರೂ ಕರೆಯುವುದಿಲ್ಲ. ಎರರ್ ಬರುವುದಿಲ್ಲ, ಅಂಕಿ ತಪ್ಪುತ್ತದೆ. ಇದಕ್ಕಿಂತ ಕ್ರ್ಯಾಶ್ ವಾಸಿ.

ಇನ್ನೂ ಸೂಕ್ಷ್ಮವಾದ ಗುಂಡಿ, ಐಟಂ ಅನ್ನು ಸಿ ಅಂಕಿಯಾಗಿಸುವ ಪೈಫ್ಲೋಟ್_ಆಸ್‌ಡಬಲ್‌ನಲ್ಲಿದೆ. ಪಟ್ಟಿಯಲ್ಲಿರುವುದು ಬರಿ 1.20 ಅಲ್ಲ, ಇಂಚು-ಸೆಂಟ್ ಹಿಡಿದಿಟ್ಟ ಒಂದು ಕ್ಲಾಸ್ ಎಂದಾದರೆ, ಅದರ __ಫ್ಲೋಟ್__ ಓಡುತ್ತದೆ. ಅದು ಪೈಥಾನ್ ಕೋಡ್, ಲಿಸ್ಟನ್ನೇ ಖಾಲಿ ಮಾಡಬಹುದು. ಆಮೇಲೆ ಎರರ್ ಸಂದೇಶಕ್ಕೆಂದು ಅದೇ ಪಾಯಿಂಟರ್ ಮುಟ್ಟಿದರೆ ಕಥೆ ಮುಗಿಯಿತು. ಎರವಲನ್ನು ಮೊದಲೇ ಪೈ_ಇನ್‌ಕ್‌ರೆಫ್ (ಎಣಿಕೆಯನ್ನು ಒಂದು ಏರಿಸುವ ಕರೆ) ಮಾಡಿಟ್ಟುಕೊಳ್ಳಿ. ಈ ಫಂಕ್ಷನ್ ಸೋತಾಗ ಕೊಡುವುದು -1.0. ಮಳೆ ಋಣವಾಗದು, ಅಷ್ಟೇ ಸಾಕು ಎನಿಸುತ್ತದೆ. ಆದರೂ ಎರರ್ ಬಂದಿದೆಯೇ ಎಂದು ಪೈಎರ್_ಅಕರ್ಡ್ ಕೇಳಿಯೇ ಮುಂದೆ ಹೋಗಿ.

ಪೈಸೀಕ್ವೆನ್ಸ್_ಗೆಟ್‌ಐಟಂ ಟ್ಯೂಪಲ್, ಸಬ್‌ಕ್ಲಾಸ್ ಎಲ್ಲವನ್ನೂ ಸರಿಯಾಗಿ ಓದುತ್ತದೆ. ಕೊಡುವುದು ಹೊಸ ರೆಫರೆನ್ಸ್, ಅದರ ಒಡೆತನ ನಮ್ಮದು, ಆದ್ದರಿಂದ ಪ್ರತಿ ಸುತ್ತಿಗೂ ಒಂದು ಡೆಕ್‌ರೆಫ್. ಮರೆತುಹೋಗುವ ಜಾಗ ಲೂಪಿನ ಕೊನೆಯಲ್ಲ, ಎರರ್ ಬಂದಾಗ ನಡುವೆ ಹೊರಬೀಳುವ ರಿಟರ್ನ್.

ಪೈಸೀಕ್ವೆನ್ಸ್_ಫಾಸ್ಟ್ ಅಪ್ಪಟ ಲಿಸ್ಟ್, ಟ್ಯೂಪಲ್ ಆದರೆ ಅದನ್ನೇ ಮರಳಿಸುತ್ತದೆ. ಬೇರೇನಿದ್ದರೂ ಇಟರೇಟ್ ಮಾಡಿ ಹೊಸ ಲಿಸ್ಟ್ ಕಟ್ಟುತ್ತದೆ. ಜನರೇಟರ್ ಕೂಡ ನಡೆಯುತ್ತದೆ. ಹೊರಗಿನಿಂದ ಬರುವ ಪಟ್ಟಿಗೆ ನಮ್ಮ ಆಯ್ಕೆ ಇದೇ. ಒಳಗಿನ ಐಟಂಗಳು ಇಲ್ಲೂ ಎರವಲೇ, ಉದ್ದವನ್ನು ಪ್ರತಿ ಸುತ್ತಿನಲ್ಲೂ ಹೊಸದಾಗಿ ಕೇಳಬೇಕು. ಕೊನೆಗೆ ಮರಳಿ ಬಂದ ವಸ್ತುವಿಗೆ ಒಂದೇ ಡೆಕ್‌ರೆಫ್.

ಉತ್ತರದ ಲಿಸ್ಟ್ ನಾವೇ ಕಟ್ಟುವಾಗ ಮಾತ್ರ ಲಿಸ್ಟ್ ಫಂಕ್ಷನ್‌ಗಳೇ ಸರಿ: ಪೈಲಿಸ್ಟ್_ನ್ಯೂ, ಆಮೇಲೆ ಪೈಲಿಸ್ಟ್_ಸೆಟ್‌ಐಟಂ. ಅದು ರೆಫರೆನ್ಸನ್ನು ತಾನೇ ನುಂಗುತ್ತದೆ, ಸೋತರೂ ಸಹ. ಮತ್ತೆ ಡೆಕ್‌ರೆಫ್ ಬೇಡ.

ಪೈಥಾನ್ 3.13ರಿಂದ ಪೈಲಿಸ್ಟ್_ಗೆಟ್‌ಐಟಂರೆಫ್ ಇದೆ, ಹೊಸ ರೆಫರೆನ್ಸನ್ನೇ ಕೊಡುತ್ತದೆ. ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಬಿಲ್ಡ್‌ನಲ್ಲಿ ಇನ್ನೊಂದು ಥ್ರೆಡ್ ಲಿಸ್ಟನ್ನು ಬದಲಿಸಬಹುದಾದರೆ ಎರವಲನ್ನು ಇನ್‌ಕ್‌ರೆಫ್ ಮಾಡುವಷ್ಟು ಹೊತ್ತೂ ಸಿಗದಿರಬಹುದು, ಅಲ್ಲಿ ಇದನ್ನೇ ಬಳಸಿ.