ಗರಿ ದ್ವೀಪಕ್ಕೆ ಒಂದು ದಿನ: ಬಸ್ಸಾ, ಬಾಡಿಗೆ ಗಾಡಿಯಾ, ಗೈಡ್ ಓಡಿಸುವ ಸಣ್ಣ ಗಾಡಿಯಾ?

ಊರಿಂದ ಅಪ್ಪ ಅಮ್ಮ ಬ್ರಿಸ್ಬೇನ್‌ಗೆ ಬಂದಿದ್ದಾರೆ, ಗರಿ ದ್ವೀಪವನ್ನು ಒಂದೇ ದಿನದಲ್ಲಿ ತೋರಿಸಬೇಕು, ಹೇಗೆ ಹೋಗೋದು ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ: ಏಳೆಂಟು ಜನ ಕೂರುವ, ಗೈಡೇ ಓಡಿಸುವ ಫೋರ್‌ವೀಲ್ ಡ್ರೈವ್. ಮೂರೂ ಥರ ಹೋಗಿ ನೋಡಿಯೇ ಹೇಳುತ್ತಿದ್ದೇನೆ. (ಫ್ರೇಸರ್ ಐಲ್ಯಾಂಡ್ ಅಂತ ಕೇಳಿರುತ್ತೀರಲ್ಲ, ಅದೇ ಇದು. 2023ರಲ್ಲಿ ಅಲ್ಲಿನ ಬುಚಲ್ಲಾ ಜನ ಇಟ್ಟ ಹೆಸರೇ ಅಧಿಕೃತವಾಯಿತು.)

ದೊಡ್ಡ ಬಸ್ಸಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೂರರಲ್ಲಿ ಅದೇ ಅಗ್ಗ, ಊಟವೂ ಅದರಲ್ಲೇ ಸೇರಿರುತ್ತದೆ. ಕಾಡಿನೊಳಗಿನ ಮರಳು ದಾರಿಯಲ್ಲಿ ಹಿಂದಿನ ಸೀಟಿನವರಿಗೆ ಸೊಂಟ ನೋವು ಖಂಡಿತ. ಎಲ್ಲರೂ ಈಜೋಕೆ ಹೋಗುವ ಲೇಕ್ ಮೆಕೆಂಜಿ ಅನ್ನೋ ಕೆರೆಗೆ ಎಲ್ಲ ಬಸ್ಸುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಸೇರುವುದರಿಂದ ಬಟ್ಟೆ ಬದಲಿಸೋಕೂ ಸಾಲು.

ಬಾಡಿಗೆ ಗಾಡಿ ಅಂದರೆ ಎಲ್ಲರಿಗೂ ಆಸೆ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ, 75 ಮೈಲ್ ಬೀಚ್ ಅನ್ನೋದೇ ಅಲ್ಲಿನ ಹೈವೇ, ಗಂಟೆಗೆ 80 ಕಿ.ಮೀ.ವರೆಗೆ ಓಡಿಸಬಹುದು. ಆ ಮಜಾ ನಿಜ. ತೊಂದರೆ ಬರೋದು ಉಪ್ಪುನೀರಿನಿಂದ.

ನಾವು ಸಹಿ ಹಾಕಿದ ಬಾಡಿಗೆ ಪತ್ರದಲ್ಲಿ ಉಪ್ಪುನೀರಿನಿಂದಾದ ಹಾನಿಗೆ ಇನ್ಶೂರೆನ್ಸ್ ಇಲ್ಲ ಅಂತ ಸ್ಪಷ್ಟವಾಗಿತ್ತು. ಸರಿ, ಸಮುದ್ರಕ್ಕೆ ಇಳಿಸದಿದ್ದರಾಯಿತು ಅನ್ನಿಸುತ್ತದೆ. ಆದರೆ ದಂಡೆಯ ಮೇಲೆ ಓಡಿಸಲು ಒದ್ದೆಯಾಗಿ ಗಟ್ಟಿಯಾದ ಮರಳೇ ಬೇಕು, ಮೇಲಿನ ಒಣಮರಳಲ್ಲಿ ಚಕ್ರ ಹೂತುಹೋಗುತ್ತದೆ. ಆ ಗಟ್ಟಿ ಮರಳು ಸಿಗೋದು ಇಳಿತದ ಹೊತ್ತಲ್ಲಿ ಮಾತ್ರ. ಉಬ್ಬರದ ಹಿಂದೆ ಮುಂದೆ ಎರಡೆರಡು ಗಂಟೆ ದಂಡೆಗೆ ಇಳಿಯಬಾರದು. ಹಾಗಾಗಿ ಬೆಳಗ್ಗೆ ಬಾರ್ಜ್ (ಗಾಡಿಗಳನ್ನು ದ್ವೀಪಕ್ಕೆ ದಾಟಿಸುವ ದೋಣಿ) ಹತ್ತುವ ಮುಂಚೆಯೇ ಇಡೀ ದಿನದ ಲೆಕ್ಕವನ್ನು ಸಮುದ್ರವೇ ಹಾಕಿಟ್ಟಿರುತ್ತದೆ.

ಅದರ ಮೇಲೆ ತೊರೆಗಳು. ದ್ವೀಪದ ಒಳಗಿಂದ ಹರಿದು ಬರುವ ಸಿಹಿನೀರು ದಂಡೆಯನ್ನು ಅಲ್ಲಲ್ಲಿ ಕೊರೆದು ಮೆಟ್ಟಿಲಿನ ಹಾಗೆ ಮಾಡಿರುತ್ತದೆ. ದೂರದಿಂದ ಕಾಣುವುದಿಲ್ಲ. ಪ್ರತಿ ಸಲವೂ ನಿಧಾನ ಮಾಡಿ, ಒಬ್ಬರು ಇಳಿದು ನೋಡಿ, ಅಲೆ ಹಿಂದೆ ಸರಿದಾಗ ದಾಟಬೇಕು. ಈಲೈ ಕ್ರೀಕ್‌ನಲ್ಲಿ ಎಲ್ಲರೂ ನೀರಲ್ಲಿ ತೇಲುತ್ತಿದ್ದಾಗ ಗೆಳೆಯನೊಬ್ಬ ಫೋನಿನಲ್ಲಿ ಉಬ್ಬರದ ಪಟ್ಟಿ ನೋಡುತ್ತಾ ಗಾಡಿ ಹತ್ತಿರವೇ ನಿಂತಿದ್ದ. ವಾಪಸು ಬಂದು, ಮರಳಿಗೆಂದು ಗಾಳಿ ಇಳಿಸಿದ್ದ ಟಯರಿಗೆ ಮತ್ತೆ ತುಂಬಿಸಿ, ಅಡಿಭಾಗವನ್ನೆಲ್ಲ ತೊಳೆಸಿ ಕೊಟ್ಟೆವು. ಆದರೂ ಬಾಡಿಗೆಯವರು ಟಾರ್ಚ್ ಹಿಡಿದು ಮಲಗಿ ನೋಡಿ, ಉಪ್ಪು ಉಳಿದಿದೆ ಅಂತ ಡಿಪಾಸಿಟ್‌ನಲ್ಲಿ ಒಂದಿಷ್ಟು ಮುರಿದುಕೊಂಡರು. ಅದು ಇವತ್ತಿಗೂ ನನಗೆ ಸರಿ ಅನ್ನಿಸಿಲ್ಲ.

ಅಪ್ಪ ಅಮ್ಮನ ಜೊತೆ ಹೋದದ್ದು ಸಣ್ಣ ಗಾಡಿಯಲ್ಲಿ. ಹಿಂದಿನ ರಾತ್ರಿ ರೇನ್‌ಬೋ ಬೀಚ್‌ನಲ್ಲಿ ಉಳಿದು, ಬೆಳಗ್ಗೆ ಇನ್‌ಸ್ಕಿಪ್ ಪಾಯಿಂಟ್‌ನಲ್ಲಿ ಬಾರ್ಜ್ ಹತ್ತಿದೆವು. ಹತ್ತು ನಿಮಿಷದ ದಾರಿ. ಉಬ್ಬರ, ಟಯರು, ಪರ್ಮಿಟ್, ಎಲ್ಲವೂ ಗೈಡಮ್ಮನ ತಲೆನೋವು. ಬಸ್ಸುಗಳು ಬರುವ ಮೊದಲೇ ಆಕೆ ನಮ್ಮನ್ನು ಮೆಕೆಂಜಿಗೆ ಮುಟ್ಟಿಸಿದರು. ಆ ಕೆರೆಗೆ ಯಾವ ಹೊಳೆಯೂ ಸೇರುವುದಿಲ್ಲ, ಬರೀ ಮಳೆನೀರು, ಅದಕ್ಕೇ ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಬೇಡಿ ಅಂತ ಬಿಡಿಸಿ ಹೇಳಿದರು. ಡಿಂಗೊ ಅನ್ನೋ ಕಾಡುನಾಯಿಗಳ ಕಾಟದಿಂದ ಕೆರೆ ದಂಡೆಯಲ್ಲಿ ತಿನ್ನುವ ಹಾಗಿಲ್ಲ, ಬುತ್ತಿ ಬಿಚ್ಚೋದು ಬೇಲಿ ಹಾಕಿದ ಜಾಗದಲ್ಲೇ.

ನಮ್ಮಪ್ಪ ಮಲೆನಾಡಿನವರು, ದೊಡ್ಡ ಮರ ಕಂಡರೆ ಮುಂದೆ ಹೋಗುವುದಿಲ್ಲ. ಕಾಡಿನೊಳಗಿನ ಸೆಂಟ್ರಲ್ ಸ್ಟೇಷನ್ ಅನ್ನೋ ಜಾಗ ಒಂದು ಕಾಲದಲ್ಲಿ ಮರ ಕಡಿಯುವವರ ಬಿಡಾರವಾಗಿತ್ತು. ಅಲ್ಲಿನ ಸ್ಯಾಟಿನೇ ಅನ್ನೋ ಜಾತಿಯ ಮರ ನೀರಲ್ಲಿ ಕೊಳೆಯುವುದಿಲ್ಲ ಅಂತ ಸೂಯೆಜ್ ಕಾಲುವೆಗೂ ಹೋಗಿತ್ತಂತೆ. 1991ರಲ್ಲಿ ಕಡಿಯೋದು ನಿಂತಿತು, 1992ರಲ್ಲಿ ದ್ವೀಪ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಪ್ಪ ಕೇಳಿದ್ದಕ್ಕೆಲ್ಲ ಗೈಡಮ್ಮ ನಿಂತು ಉತ್ತರ ಕೊಟ್ಟರು. ವಾಂಗೂಲ್ಬಾ ತೊರೆಯಲ್ಲಿ ನೀರು ಎಷ್ಟು ತಿಳಿ ಅಂದರೆ ಅಲ್ಲಿ ನೀರಿದೆ ಅಂತ ಅಮ್ಮ ಕೈ ಅದ್ದಿ ನೋಡಿ ಆಮೇಲೆ ನಂಬಿದರು. ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತು ಯಾರೂ ಕಾಯುತ್ತಿರಲಿಲ್ಲ.

1935ರಲ್ಲಿ ದಂಡೆಗೆ ಬಿದ್ದ ಮಹೇನೋ ಹಡಗು ಮೂರು ಥರದಲ್ಲೂ ಒಂದೇ: ಇಳಿಯೋದು, ಫೋಟೊ, ಹತ್ತೋದು.

ದುಡ್ಡಿನ ಮಾತು. ಸಣ್ಣ ಗಾಡಿ ಬಸ್ಸಿಗಿಂತ ದುಬಾರಿ. ಆದರೆ ಬಾಡಿಗೆ ಗಾಡಿಗೆ ಬಾರ್ಜ್, ಪರ್ಮಿಟ್, ಡೀಸೆಲ್, ಆ ಮುರಿದುಕೊಂಡ ಡಿಪಾಸಿಟ್ ಸೇರಿಸಿದ ಮೇಲೆ ನಾಲ್ಕು ಜನಕ್ಕೆ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಒಬ್ಬರೇ ಹೋಗುವ ವಿದ್ಯಾರ್ಥಿಗಳಿಗೆ ಬಸ್ಸೇ ಸರಿ. ಮರಳಲ್ಲಿ ಓಡಿಸಿ ಅಭ್ಯಾಸವಿದ್ದು, ಎರಡು ಮೂರು ರಾತ್ರಿ ಟೆಂಟ್ ಹಾಕುವವರಿಗೆ ಬಾಡಿಗೆ ಗಾಡಿ. ಸಣ್ಣ ಗಾಡಿ ಬುಕ್ ಮಾಡುವಾಗ ಮೆಕೆಂಜಿಗೆ ಎಷ್ಟು ಗಂಟೆಗೆ ಮುಟ್ಟಿಸುತ್ತೀರಿ ಅಂತ ಫೋನ್ ಮಾಡಿ ಕೇಳಿ. ಮಧ್ಯಾಹ್ನ ಅಂದರೆ ಬೇರೆಯವರನ್ನು ನೋಡಿ.