ಇನ್‌ಸ್ಟಾಲ್ ಆದ ಮೇಲಿನ ಮೊದಲ ಒಂದು ಗಂಟೆ: ಮಿಂಟಾ, ಫೆಡೋರಾನಾ?

ವಿಂಡೋಸ್ ಬದಲು ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಹಾಕಿಕೊಳ್ಳುವುದು ಈಗ ಕಷ್ಟವೇ ಅಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕೈದು ಪ್ರಶ್ನೆಗೆ ಉತ್ತರ ಕೊಟ್ಟರೆ ಮುಗಿಯಿತು. ನಿಜವಾದ ಪರೀಕ್ಷೆ ಇರುವುದು ರೀಸ್ಟಾರ್ಟ್ ಆದ ಮೇಲೆ, ‘ಈಗೇನು ಮಾಡಲಿ?’ ಅನ್ನುವಾಗ. ಒಂದೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್‌ನ ಎರಡು ಬಗೆಗಳನ್ನು, ಮೊದಲು ಲಿನಕ್ಸ್ ಮಿಂಟ್ 22, ಆಮೇಲೆ ಫೆಡೋರಾ ವರ್ಕ್‌ಸ್ಟೇಷನ್, ಹಾಕಿ ಬಳಸಿದವನ ಅನುಭವ ಇದು.

ಮಿಂಟ್ ಈ ಪ್ರಶ್ನೆಗೆ ತಾನೇ ಉತ್ತರ ಹೇಳುತ್ತದೆ. ಲಾಗಿನ್ ಆದ ತಕ್ಷಣ ಸ್ವಾಗತ ಕಿಟಕಿ ತೆರೆಯುತ್ತದೆ, ಅದರ ‘ಫಸ್ಟ್ ಸ್ಟೆಪ್ಸ್’ನಲ್ಲಿ ಟೈಮ್‌ಶಿಫ್ಟ್ (ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಸಾಧನ), ಡ್ರೈವರ್ ಮ್ಯಾನೇಜರ್, ಅಪ್‌ಡೇಟ್ ಮ್ಯಾನೇಜರ್, ಫೈರ್‌ವಾಲ್ ಎಲ್ಲವೂ ಸಾಲಾಗಿ ಇರುತ್ತವೆ, ಒಂದೊಂದನ್ನೇ ಒತ್ತುತ್ತಾ ಹೋದರೆ ಸಾಕು. ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್‌ನ ಡ್ರೈವರ್‌ಗಳಲ್ಲಿ ಯಾವುದು ಸರಿ ಅಂತಲೂ ಅದೇ ಗುರುತು ಹಾಕಿ ತೋರಿಸುತ್ತದೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಅನ್ನು ನಾನು ತೆರೆಯಲೇ ಇಲ್ಲ. ಎರಡು ಮಾತು ನೆನಪಿರಲಿ: ಫೈರ್‌ವಾಲ್ ಮೊದಲಿಗೆ ಆಫ್ ಇರುತ್ತದೆ, ನೀವೇ ಆನ್ ಮಾಡಬೇಕು. ಟೈಮ್‌ಶಿಫ್ಟ್ ಕಾಪಾಡುವುದು ಸಿಸ್ಟಮ್ ಫೈಲುಗಳನ್ನು ಮಾತ್ರ, ನಿಮ್ಮ ಫೋಟೋ, ದಾಖಲೆಗಳಿಗೆ ಬೇರೆ ಬ್ಯಾಕಪ್ ಬೇಕೇ ಬೇಕು.

ಫೆಡೋರಾದಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಆನ್, ಗ್ನೋಮ್ ಡೆಸ್ಕ್‌ಟಾಪ್ ಅಂತೂ ತುಂಬಾ ಚೆನ್ನಾಗಿದೆ. ಆದರೆ ವಿಡಿಯೊ ಹಾಕಿದಾಗ ತೊಡಕು ಶುರು. ವಿಡಿಯೊ ಬಿಡಿಸಿ ತೋರಿಸುವ ಕೊಡೆಕ್‌ಗಳಲ್ಲಿ ಪೇಟೆಂಟ್ ಇರುವವನ್ನು ಫೆಡೋರಾ ತನ್ನ ಜೊತೆ ಕೊಡುವುದಿಲ್ಲ, ಹಾಗಾಗಿ ನನ್ನ ಎಚ್.265 ಮಾದರಿಯ ವಿಡಿಯೊ ಫೈಲುಗಳು ಓಡಲಿಲ್ಲ. ಆರ್‌ಪಿಎಂ ಫ್ಯೂಷನ್ ಅನ್ನುವ ರೆಪೊ (ಸಾಫ್ಟ್‌ವೇರ್ ಭಂಡಾರ) ಸೇರಿಸಿ, ಫೆಡೋರಾ ಜೊತೆಗೆ ಬಂದ, ವಿಡಿಯೊ ಓಡಿಸುವ ಎಫ್‌ಎಫ್‌ಎಂಪೆಗ್ ತೆಗೆದು ಅಲ್ಲಿಂದ ಪೂರ್ತಿ ಆವೃತ್ತಿ ಹಾಕಿದ ಮೇಲೆ ಸರಿಹೋಯಿತು. ಇದನ್ನೆಲ್ಲ ಮಾಡಬೇಕು ಅಂತ ಪರದೆ ಮೇಲೆ ಯಾರೂ ಹೇಳುವುದಿಲ್ಲ, ಮೊದಲೇ ಗೊತ್ತಿರಬೇಕು ಇಲ್ಲವೇ ಹುಡುಕಬೇಕು. ಹೊಸಬರು ಕೈಬಿಡುವುದು ಇಲ್ಲೇ ಅಲ್ವಾ? ಎನ್‌ವಿಡಿಯಾ ಡ್ರೈವರ್ ವಿಷಯದಲ್ಲಿ ನಾನು ಅವಸರ ಮಾಡಿದೆ. ಇನ್‌ಸ್ಟಾಲ್ ಮುಗಿಯಿತು ಅಂತ ಕಂಡರೂ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರುವ ಡ್ರೈವರ್ ಭಾಗ) ಹಿನ್ನೆಲೆಯಲ್ಲಿ ಇನ್ನೂ ತಯಾರಾಗುತ್ತಿರುತ್ತದೆ, ಐದು ನಿಮಿಷ ಸುಮ್ನೆ ಕಾದು ಆಮೇಲೆ ರೀಸ್ಟಾರ್ಟ್ ಮಾಡಿ. ಮಿನಿಮೈಸ್ ಬಟನ್ ಕೂಡ ಕಾಣುವುದಿಲ್ಲ, ಅದಕ್ಕೆ ಟ್ವೀಕ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಬೇಕು.

ಕನ್ನಡ ಟೈಪಿಂಗ್‌ನಲ್ಲಿ ಮಾತ್ರ ಲೆಕ್ಕ ತಿರುಗಿತು. ಫೆಡೋರಾದಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಆರಿಸಿದೆ, ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸ ಸಿಕ್ಕಿತು, ಬರೆಯಲು ಶುರು ಮಾಡಿದೆ. ಮಿಂಟ್‌ನಲ್ಲಿ ಭಾಷೆಗಳ ಟೈಪಿಂಗ್‌ಗೆ ಬೇಕಾದ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಮಾಡಿ ಮತ್ತೆ ಬರಬೇಕಾಯಿತು.

ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಅಷ್ಟೇ, ಆಮೇಲೆ ಮುಂದಿನದಕ್ಕೆ ಹೋಗಲೇಬೇಕು. ಹೊಸ ಕರ್ನಲ್ ಬೇಗ ಸಿಗುತ್ತದೆ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಫೆಡೋರಾ ಉಳಿಸಿಕೊಂಡಿದ್ದೇನೆ. ಮೊದಲ ಸಲ ಲಿನಕ್ಸ್‌ಗೆ ಬರುವವರು ಕೇಳಿದರೆ ಮಾತ್ರ ಎರಡನೇ ಯೋಚನೆ ಇಲ್ಲದೆ ಮಿಂಟ್ ಹಾಕಿಕೊಡುತ್ತೇನೆ, ಕನ್ನಡ ಕೀಬೋರ್ಡನ್ನೂ ಅವತ್ತೇ ಕೂತು ಸರಿಮಾಡಿ ಕೊಡುತ್ತೇನೆ.