ಲಾಕ್ ಬೀಳದಿದ್ದರೂ ‘ಏನಾಗಲ್ಲ’ ಅನ್ನುವವರ ರೈಡ್ ಹತ್ತಬೇಡಿ

ಮೇಳಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಓದಿ. ಎತ್ತರಕ್ಕೆ ತೂಗಿ ತಿರುಗುವ ರೈಡ್ ಒಂದಕ್ಕೆ ನಾನೂ ತಂಗಿಯ ಮಗಳೂ ಹತ್ತಿದ್ದೆವು. ಅವಳ ಭುಜದ ಮೇಲಿನ ಬಾರ್ ಕೆಳಗೆ ಬಂತು, ಲಾಕ್ ಮಾತ್ರ ಬೀಳಲಿಲ್ಲ. ಕೈಯಿಂದ ಎತ್ತಿದರೆ ಗೇಣುದ್ದ ಮೇಲೇಳುತ್ತಿತ್ತು. ಹೇಳಿದ್ದಕ್ಕೆ ಹುಡುಗನೊಬ್ಬ ಬಂದು ಮೊಣಕಾಲು ಕೊಟ್ಟು ಒತ್ತಿದ. ಪ್ಯಾನೆಲ್ ಮೇಲಿನ ಕೆಂಪು ದೀಪ ಆರಲಿಲ್ಲ. ಆಗ ಆಪರೇಟರ್ ಪ್ಯಾನೆಲ್‌ನ ಬಾಗಿಲು ತೆಗೆದು ಒಳಗೆ ಏನೋ ತಿರುಗಿಸಿದ, ದೀಪ ಹಸಿರಾಯಿತು. ಬಾರ್ ಇನ್ನೂ ಅಲ್ಲಾಡುತ್ತಲೇ ಇತ್ತು!

“ಏನಾಗಲ್ಲ ಮೇಡಂ, ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳಿ” ಅಂದ. ಕೂಗಾಡಿ ಅವಳನ್ನು ಇಳಿಸಿಕೊಂಡೆ. ಸಾಲಿನಲ್ಲಿದ್ದವರು ತಡವಾಯಿತೆಂದು ಗೊಣಗಿದರು. ಅದೇ ಸೀಟಿಗೆ ಇನ್ನೊಬ್ಬ ಹುಡುಗನನ್ನು ಕೂರಿಸಿ ರೈಡ್ ಬಿಟ್ಟರು. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ.

ಯಂತ್ರ ಅಂದಮೇಲೆ ಕೆಡುತ್ತದೆ, ಸರಿ. ಕೆಟ್ಟಿದೆ ಅಂತ ಅದೇ ಹೇಳುವಾಗ ಬಾಯಿ ಮುಚ್ಚಿಸುವುದು ಅಪರಾಧ. 2022ರಲ್ಲಿ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ 14 ವರ್ಷದ ಹುಡುಗ ಡ್ರಾಪ್ ಟವರ್ ಎಂಬ, ಎತ್ತರದಿಂದ ಒಮ್ಮೆಲೇ ಕೆಳಗಿಳಿಸುವ ರೈಡ್‌ನಿಂದ ಬಿದ್ದು ಸತ್ತ. ಬಾರ್ ಸರಿಯಾಗಿ ಮುಚ್ಚದಿದ್ದರೂ ‘ಸರಿ ಇದೆ’ ಅನ್ನುವ ದೀಪ ಹತ್ತುವ ಹಾಗೆ ಆ ಸೀಟಿನ ಸೆನ್ಸರನ್ನು ಯಾರೋ ಕೈಯಾರೆ ಬದಲಿಸಿದ್ದು ತನಿಖೆಯಲ್ಲಿ ಹೊರಬಿತ್ತು. 2015ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಮನರಂಜನಾ ಪಾರ್ಕ್‌ನಲ್ಲೂ ಅಷ್ಟೇ: ರೋಲರ್ ಕೋಸ್ಟರ್ ಹಳಿಯ ಮೇಲೆ ಖಾಲಿ ಬಂಡಿ ನಿಂತಿದ್ದರಿಂದ ಕಂಪ್ಯೂಟರ್ ತಡೆದಿತ್ತು, ಎಂಜಿನಿಯರುಗಳು ಅದನ್ನು ಮೀರಿ ಜನರಿದ್ದ ಹಿಂದಿನ ಬಂಡಿ ಬಿಟ್ಟರು, ಅದು ಖಾಲಿ ಬಂಡಿಗೆ ಗುದ್ದಿತು. ಇಬ್ಬರು ಯುವತಿಯರ ಕಾಲು ಕತ್ತರಿಸಬೇಕಾಯಿತು. ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು.

ನಾನು ಕೇಳಲು ಹೋದಾಗ ಮ್ಯಾನೇಜರ್ ಗೋಡೆಗೆ ನೇತುಹಾಕಿದ್ದ ಪ್ರಮಾಣಪತ್ರ ತೋರಿಸಿದ. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. 2017ರಲ್ಲಿ ಅಮೆರಿಕದ ಒಹಾಯೊ ಮೇಳದಲ್ಲಿ ಮುರಿದು ಜೀವ ತೆಗೆದ ರೈಡ್ ಅದೇ ದಿನ ತಪಾಸಣೆಯಲ್ಲಿ ಪಾಸಾಗಿತ್ತು. ತೊಲೆಯ ಒಳಗೇ ತುಕ್ಕು ತಿಂದಿದ್ದು ಹೊರಗಿನಿಂದ ಕಂಡಿರಲಿಲ್ಲ. ಕೇಳಬೇಕಾದ್ದು ದಿನದಿನದ ಲಾಗ್‌ಬುಕ್. ನಾನು ಕೇಳಿ ತೆಗೆಸಿದೆ. ಮರುದಿನದ ಪುಟಕ್ಕೂ ‘ಎಲ್ಲಾ ಸರಿ ಇದೆ’ ಅಂತ ಆಗಲೇ ಸಹಿ ಬಿದ್ದಿತ್ತು.

ದೂರು ಕೊಟ್ಟೆ. ಅಧಿಕಾರಿ ಬರುವಷ್ಟರಲ್ಲಿ ರೈಡ್ ಬಿಚ್ಚಿ, ಲಾರಿಗೆ ಹೇರಿ ಸಾಗಿಸಿ ಆಗಿತ್ತು. ನಿಯಮ ಇಲ್ಲ ಅಂತಲ್ಲ. ಆದರೆ ನನ್ನ ಒತ್ತಾಯ ಇಷ್ಟು: ಬಿಚ್ಚಿ ಜೋಡಿಸುವ ರೈಡಿಗೆ ಜೋಡಿಸಿದಾಗಲೆಲ್ಲ ತಪಾಸಣೆ ಆಗಬೇಕು, ಮೇಳ ನಡೆಯುವಷ್ಟು ಹೊತ್ತೂ ರೈಡ್ ನಿಲ್ಲಿಸುವ ಅಧಿಕಾರ ಇರುವವರೊಬ್ಬರು ಅಲ್ಲೇ ಇರಬೇಕು. ವರ್ಷಕ್ಕೊಮ್ಮೆ ಫೈಲಿಗೆ ಸಹಿ ಹಾಕಿ ಹೋಗುವವರಿಂದ ಈ ಕೆಲಸ ಆಗದು.

ನಿಮಗೂ ಹೀಗಾದರೆ ರೈಡ್ ಹೊರಡುವ ಮುಂಚೆಯೇ ಕೂಗಿ ಇಳಿಯಿರಿ, ಸಾಲಿನಲ್ಲಿರುವವರು ಏನಾದರೂ ಅನ್ನಲಿ. ಲಾಕ್ ಬೀಳದ ಬಾರನ್ನೂ ಪ್ಯಾನೆಲ್ ದೀಪವನ್ನೂ ವಿಡಿಯೋ ಮಾಡಿ. ರೈಡಿನ ಹೆಸರಿನ ಜೊತೆಗೆ ಬುಡದಲ್ಲಿರುವ ತಯಾರಕರ ಫಲಕದ ಸೀರಿಯಲ್ ನಂಬರನ್ನೂ ಫೋಟೋ ತೆಗೆಯಿರಿ, ಹೆಸರನ್ನು ಮುಂದಿನ ಊರಿಗೆ ಹೋಗುವಷ್ಟರಲ್ಲಿ ಬೇರೆ ಬರೆಸಿಬಿಡಬಹುದು. ಪರವಾನಗಿ ಕೊಟ್ಟ ಕಚೇರಿಗೂ ಪೊಲೀಸರಿಗೂ ಅಂದೇ ದೂರು ಕೊಡಿ, ರೈಡ್ ಇನ್ನೂ ಅಲ್ಲೇ ನಿಂತಿರುವಾಗಲೇ.